ಫಾರಿ ಎಂಬ ಟಿಬೆಟಿನ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಕ್ಕಿಂ ಗಡಿಯ ನಾಥು ಲಾ ಕಣಿವೆ ದಾರಿಯಲ್ಲಿ ಕೈಲಾಸ ಮಾನಸ ಸರೋವರಕ್ಕೆ ಹೋಗಿ ಬಂದ ಗೆಳೆಯರು ಫೋಟೊ ತೋರಿಸುವಾಗ ಒಂದು ಮಾತು ತಪ್ಪದೆ ಬರುತ್ತದೆ. “ಯಾದೊಂಗ್ ಬಿಟ್ಟ ಮೇಲೆ ಬಸ್ಸು ಹತ್ತಿ ಹತ್ತಿ ಒಂದು ಬೋಳು ಬಯಲಿಗೆ ಬಂತು. ಪಕ್ಕದಲ್ಲೇ ಅಷ್ಟು ದೊಡ್ಡ ಹಿಮದ ಬೆಟ್ಟ. ಅಲ್ಲೊಂದು ಊರಿತ್ತು, ಯಾವ್ದು ಅದು?”

ಆ ಊರೇ ಫಾರಿ. ನಾನು ಅಲ್ಲಿಗೆ ಹೋದವನಲ್ಲ. ನನಗೆ ಈ ಊರಿನ ಗೀಳು ಹಿಡಿದದ್ದು ಅಂಚೆಚೀಟಿಯಿಂದ. ನನ್ನ ಹತ್ತಿರ ಆರನೇ ಜಾರ್ಜ್ ದೊರೆಯ ಚೀಟಿ ಅಂಟಿಸಿದ ಒಂದು ಹಳೇ ಲಕೋಟೆ ಇದೆ. ಚೀಟಿ ಇಂಡಿಯಾದ್ದು, ಮುದ್ರೆ ಟಿಬೆಟಿನ ಫಾರಿಯದ್ದು. ಇದು ಹೇಗೆ ಸಾಧ್ಯ ಅಂತ ಹುಡುಕಲು ಹೊರಟವನಿಗೆ ಹತ್ತು ವರ್ಷದ ಓದು ಸಿಕ್ಕಿತು. ಕೇಳುವವರೆಲ್ಲ ಅದದೇ ಪ್ರಶ್ನೆ ಕೇಳುವುದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಫಾರಿ ಸರಿಯಾಗಿ ಎಲ್ಲಿದೆ?

ಇಂಡಿಯಾದ ನಕ್ಷೆಯಲ್ಲಿ ಸಿಕ್ಕಿಂ ಮತ್ತು ಭೂತಾನ್ ನಡುವೆ ನೋಡಿ. ಟಿಬೆಟಿನ ಒಂದು ಚೂರು ಚೂರಿಯ ಹಾಗೆ ಕೆಳಕ್ಕೆ ಚಾಚಿದೆ. ಅದು ಚುಂಬಿ ಕಣಿವೆ. ಚೂರಿಯ ತುದಿಯ ಹತ್ತಿರ ದೋಕ್ಲಾಂ, ನಡುವೆ ಯಾದೊಂಗ್ ಪಟ್ಟಣ. ಹಿಡಿ ಇರುವ ಕಡೆ, ಕಣಿವೆ ಮುಗಿದು ಟಿಬೆಟಿನ ಬಯಲು ಶುರುವಾಗುವ ಜಾಗದಲ್ಲಿ ಫಾರಿ ಇದೆ. ಈಗಿನ ಆಡಳಿತದ ಲೆಕ್ಕದಲ್ಲಿ ಇದು ಚೀನಾದ ಟಿಬೆಟ್ ಸ್ವಾಯತ್ತ ಪ್ರದೇಶದ ಶಿಗಾತ್ಸೆಗೆ ಸೇರಿದ ಯಾದೊಂಗ್ ಕೌಂಟಿಯ ಒಂದು ಪುಟ್ಟ ಪಟ್ಟಣ.

ಅಕ್ಷಾಂಶ ಸುಮಾರು 27.7 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಕಠ್ಮಂಡುವಿನ ನೇರಕ್ಕೇ. ಚಳಿ ಇರುವುದು ಊರು ಉತ್ತರಕ್ಕಿದೆ ಅಂತಲ್ಲ, ಎತ್ತರದಲ್ಲಿದೆ ಅಂತ.

ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ?

ಹೌದು. ಫಾರಿ, ಪಗ್ರಿ, ಫಾರಿಜೊಂಗ್, ಪಾರಿಜಾಂಗ್, ಚೀನೀ ಬಾಯಲ್ಲಿ ಪಾಲಿ. ಎಲ್ಲಾ ಒಂದೇ ಊರು. ಟಿಬೆಟಿ ಭಾಷೆಯಲ್ಲಿ ‘ಫಗ್’ ಅಂದರೆ ಹಂದಿ, ‘ರಿ’ ಅಂದರೆ ಬೆಟ್ಟ. ಸೇರಿಸಿದರೆ ಹಂದಿಗುಡ್ಡ. ನಗಬೇಡಿ, ನಮ್ಮ ಸಾಗರದ ಕಡೆ ಹಂದಿಗೋಡು ಇಲ್ವಾ? ‘ಜೊಂಗ್’ ಅಂದರೆ ಕೋಟೆ. ಹಳೇ ಕಾಗದಗಳಲ್ಲಿ ಊರು ಮತ್ತು ಕೋಟೆಯನ್ನು ಸೇರಿಸಿ ಫಾರಿಜೊಂಗ್ ಅಂತಲೇ ಬರೆಯುತ್ತಿದ್ದರು.

ಉಚ್ಚಾರಣೆ ಬಗ್ಗೆ ಒಂದು ಮಾತು. ಇದು ಫ್ಯಾನಿನ ಫ ಅಲ್ಲ, ಮೇಷ್ಟ್ರು ಒತ್ತಿ ಹೇಳಿಕೊಟ್ಟ ಫಲದ ಫ. ಇಂಗ್ಲಿಷಿನವರಿಗೆ ಕಷ್ಟ ಆಗಬಹುದು, ನಮಗೇನೂ ಕಷ್ಟ ಇಲ್ಲ.

ಎಷ್ಟು ಎತ್ತರ? ಪ್ರಪಂಚದ ಅತಿ ಎತ್ತರದ ಪಟ್ಟಣ ಅಂತಾರಲ್ಲ?

ಸುಮಾರು 4,300 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ಅದರ ತುದಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಫಾರಿಯ ಬೀದಿ ಇನ್ನೂ ನಾನೂರು ಐನೂರು ಮೀಟರ್ ಮೇಲೇ ಉಳಿಯುತ್ತದೆ.

“ಅತಿ ಎತ್ತರದ ಪಟ್ಟಣ” ಅನ್ನುವುದು ಮಾತ್ರ ಪ್ರವಾಸದ ಜಾಹೀರಾತಿನ ಮಾತು. ಪೆರು ದೇಶದ ಲಾ ರಿಂಕೊನಾಡ ಎಂಬ ಚಿನ್ನದ ಗಣಿ ಊರು 5,100 ಮೀಟರಿನ ಆಸುಪಾಸಿನಲ್ಲಿದೆ. ಫಾರಿಗೆ ಆ ಬಿರುದು ಬೇಕಾಗಿಯೂ ಇಲ್ಲ.

ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಅರವತ್ತರಷ್ಟು. ನೀರು 86 ಡಿಗ್ರಿಗೇ ಕುದಿಯುತ್ತದೆ. ಬೇಳೆ ಇಟ್ಟರೆ ಬೇಯುವ ಹೊತ್ತಿಗೆ ಹಸಿವೇ ಸತ್ತಿರುತ್ತದೆ. ಯಾದೊಂಗ್ ಇರುವುದು ಸುಮಾರು 3,000 ಮೀಟರಿನಲ್ಲಿ. ಅಲ್ಲಿಂದ ಇಲ್ಲಿಗೆ 45 ಕಿಲೋಮೀಟರ್ ದಾರಿ. ಬೆಳಿಗ್ಗೆ ತಿಂಡಿ ತಿಂದು ಬಸ್ಸು ಹತ್ತಿದವರಿಗೆ ಮಧ್ಯಾಹ್ನದೊಳಗೆ ತಲೆ ಸಿಡಿಯುವುದು ಇದಕ್ಕೇ.

ಪಕ್ಕದಲ್ಲಿರುವ ಆ ಹಿಮದ ಬೆಟ್ಟ ಯಾವುದು?

ಚೋಮೊಲ್ಹಾರಿ. ಭೂತಾನಿನವರು ಜೊಮೊಲ್ಹಾರಿ ಅನ್ನುತ್ತಾರೆ. ಎತ್ತರ 7,326 ಮೀಟರ್. ಭೂತಾನ್ ಮತ್ತು ಟಿಬೆಟಿನ ಗಡಿ ಇದರ ನೆತ್ತಿಯ ಮೇಲೇ ಹಾದು ಹೋಗುತ್ತದೆ.

ಎವರೆಸ್ಟ್ ನೋಡಿ ಬಂದವರೂ ಚೋಮೊಲ್ಹಾರಿ ಎದುರು ಬೆರಗಾಗುತ್ತಾರಂತೆ. ಕಾರಣ ಸುಲಭ. ಎವರೆಸ್ಟಿನ ಸುತ್ತ ಹೆಚ್ಚುಕಡಿಮೆ ಅದರಷ್ಟೇ ದೊಡ್ಡ ಅಣ್ಣತಮ್ಮಂದಿರಿದ್ದಾರೆ. ಇಲ್ಲಿ ಹಾಗಲ್ಲ. ಫಾರಿಯ ಬಯಲು ಚಪ್ಪಟೆ. ಆ ಬಯಲಿಂದ ಒಂದೇ ಬೆಟ್ಟ ಮೂರು ಸಾವಿರ ಮೀಟರ್ ನೇರ ಮೇಲಕ್ಕೆ ಎದ್ದಿದೆ.

ಊರಿನವರಿಗೆ ಇದು ಬೆಟ್ಟವಲ್ಲ, ಅಮ್ಮ. ‘ಜೊಮೊ’ ಅಂದರೆ ದೇವಿ, ಒಡತಿ. ಬೆಟ್ಟದ ಟಿಬೆಟ್ ಮಗ್ಗುಲಲ್ಲಿ, ಸುಮಾರು 5,000 ಮೀಟರಿನಲ್ಲಿ, ಜೊಮೊ ಲ್ಹಾರಂಗ್ ಎಂಬ ಸರೋವರವಿದೆ. ಫಾರಿಯಿಂದ ಅಲ್ಲಿಗೆ ವರ್ಷಕ್ಕೊಮ್ಮೆ ಯಾತ್ರೆ ಹೋಗುವ ಪದ್ಧತಿ.

ಆ ಬೆಟ್ಟವನ್ನು ಯಾರಾದರೂ ಹತ್ತಿದ್ದಾರಾ?

1937ರ ಮೇ ತಿಂಗಳಲ್ಲಿ ಫ್ರೆಡ್ಡಿ ಸ್ಪೆನ್ಸರ್ ಚಾಪ್‌ಮನ್ ಎಂಬ ಇಂಗ್ಲಿಷಿನವನೂ ಪಾಸಂಗ್ ದಾವಾ ಲಾಮಾ ಎಂಬ ಶೆರ್ಪಾನೂ ತುದಿ ಮುಟ್ಟಿದರು. ಹೊರಟದ್ದು ಫಾರಿಯಿಂದಲೇ. ಹತ್ತಿದ್ದಕ್ಕಿಂತ ಇಳಿದದ್ದೇ ದೊಡ್ಡ ಕಥೆ. ಜಾರಿ ಬಿದ್ದು, ಹವೆ ಕೆಟ್ಟು, ದಿನಗಟ್ಟಲೆ ಒದ್ದಾಡಿ ಹೇಗೋ ಜೀವಂತ ಬಂದರು. ಎರಡನೇ ಸಲ ಹತ್ತಿದ್ದು 1970ರಲ್ಲಿ, ಭಾರತ ಮತ್ತು ಭೂತಾನಿನ ಜಂಟಿ ತಂಡ. ಆಗ ತಂಡದ ಇಬ್ಬರು ಮೇಲೆ ಹೋದವರು ವಾಪಸ್ ಬರಲೇ ಇಲ್ಲ.

ಹವಾಮಾನ ಹೇಗೆ?

ಗಾಳಿ, ಗಾಳಿ, ಗಾಳಿ. ಬೆಳಿಗ್ಗೆ ಸ್ವಲ್ಪ ಸುಮ್ಮನಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಧೂಳೆಬ್ಬಿಸಿ ಬೀಸುತ್ತದೆ.

ಆದರೆ ಇಲ್ಲಿಯ ವಿಶೇಷ ಗಾಳಿಯಲ್ಲ, ಹಸಿರು ನಿಂತುಹೋಗುವ ಗೆರೆ. ಚುಂಬಿ ಕಣಿವೆಗೆ ಬಂಗಾಳದ ಕಡೆಯಿಂದ ಮಳೆಮೋಡ ನುಗ್ಗುತ್ತದೆ. ಹಾಗಾಗಿ ಯಾದೊಂಗಿನ ಸುತ್ತ ದಟ್ಟ ಪೈನ್ ಕಾಡು, ಮರದ ಮನೆ, ಹೂವು. ನಮ್ಮ ಮಲೆನಾಡಿನವರು ನೋಡಿದರೆ ಮನೆ ನೆನಪಾದೀತು. ಮೇಲೆ ಹತ್ತುತ್ತಾ ಹೋದ ಹಾಗೆ ಮರ ಗಿಡ್ಡವಾಗುತ್ತದೆ, ಆಮೇಲೆ ಪೊದೆ, ಆಮೇಲೆ ಹುಲ್ಲು. ಫಾರಿಯಲ್ಲಿ ಒಂದು ಮರವೂ ಇಲ್ಲ. ಆಗುಂಬೆಯಿಂದ ಹೊರಟು ಅರ್ಧ ದಿನದಲ್ಲಿ ಚಳ್ಳಕೆರೆಯ ಬಯಲಿಗೆ ಬಂದ ಹಾಗೆ, ಆದರೆ ಮೈ ಮರಗಟ್ಟುವ ಚಳಿಯಲ್ಲಿ.

ಊರಿನ ಉತ್ತರಕ್ಕೆ ತಂಗ್ ಲಾ ಎಂಬ ಕಣಿವೆ ದಾರಿ, 4,600 ಮೀಟರ್. ಹಿಮಾಲಯದ ನೀರು ಇಬ್ಭಾಗ ಆಗುವುದು ಇಲ್ಲೇ. ಹೆಸರು ಕೇಳಿ ಭಯಂಕರ ಘಾಟಿ ಅಂದುಕೊಳ್ಳಬೇಡಿ, ದಾಟಿದ್ದು ಗೊತ್ತೇ ಆಗದಷ್ಟು ನಿಧಾನದ ಏರು. ಈ ಕಡೆ ಬಿದ್ದ ಹನಿ ಅಮೊ ಛು ನದಿ ಸೇರಿ, ಚುಂಬಿ ಕಣಿವೆ ಇಳಿದು, ಭೂತಾನ್ ದಾಟಿ, ಬಂಗಾಳದಲ್ಲಿ ತೋರ್ಸಾ ಅನ್ನಿಸಿಕೊಳ್ಳುತ್ತದೆ. ಆ ಕಡೆ ಬಿದ್ದದ್ದು ದೋಚೆನ್ ಸರೋವರದ ಕಡೆಗೆ ಹೋಗುತ್ತದೆ.

ಅಲ್ಲಿ ಏನು ಬೆಳೆಯುತ್ತಾರೆ? ಏನು ತಿನ್ನುತ್ತಾರೆ?

ಬಾರ್ಲಿ ಬಿತ್ತುತ್ತಾರೆ, ಆದರೆ ಕಾಳು ಗಟ್ಟಿಯಾಗುವ ಮೊದಲೇ ಚಳಿ ಬಂದುಬಿಡುತ್ತದೆ. ಹಾಗಾಗಿ ಹಸಿರಿರುವಾಗಲೇ ಕೊಯ್ದು ದನಕರುಗಳಿಗೆ ಮೇವು ಮಾಡುವುದು ಹಳೇ ರೂಢಿ. ಮನುಷ್ಯರು ತಿನ್ನುವ ಬಾರ್ಲಿ ಉತ್ತರದ ಗ್ಯಾಂತ್ಸೆ ಕಡೆಯಿಂದ, ಅಕ್ಕಿ ಭೂತಾನಿನ ಪಾರೊ ಕಡೆಯಿಂದ ಬರುತ್ತಿತ್ತು. ಫಾರಿಯವರು ಅದಕ್ಕೆ ಬದಲು ಉಣ್ಣೆ, ಉಪ್ಪು, ಟೀ ಇಟ್ಟಿಗೆ ಕೊಡುತ್ತಿದ್ದರು. ಟೀ ಇಟ್ಟಿಗೆ ಅಂದರೆ ಅಚ್ಚಿನಲ್ಲಿ ಒತ್ತಿದ ಚಹಾ ಎಲೆಯ ಗಟ್ಟಿ.

ದಿನದ ಊಟ ತ್ಸಂಪಾ. ಇದನ್ನು ವಿವರಿಸಲು ಬೇರೆಯವರು ಪ್ಯಾರಾಗಟ್ಟಲೆ ಬರೆಯುತ್ತಾರೆ, ನಮಗೆ ಒಂದೇ ಪದ ಸಾಕು: ಹುರಿಹಿಟ್ಟು. ರಾಗಿ ಬದಲು ಬಾರ್ಲಿ ಹುರಿದು ಬೀಸಿದ್ದು. ಬೆಲ್ಲ, ಕಾಯಿತುರಿ ಬದಲು ಉಪ್ಪು ಬೆಣ್ಣೆ ಹಾಕಿದ ಟೀಯಲ್ಲಿ ಕಲಸಿ, ಬೆರಳಲ್ಲಿ ಒತ್ತಿ ಉಂಡೆ ಮಾಡಿ ಬಾಯಿಗೆ ಹಾಕಿಕೊಳ್ಳುವುದು. ಒಲೆಗೆ ಯಾಕ್ ಸಗಣಿಯ ಬೆರಣಿ. ಮರವೇ ಇಲ್ಲದ ಊರಲ್ಲಿ ಇನ್ನೇನು ಸುಡುತ್ತಾರೆ?

ಯಾಕ್ ಅಂದಾಗ ಹೇಳಬೇಕು, ಇಲ್ಲಿಯದ್ದು ‘ಪಾಲಿ ಯಾಕ್’ ಅಂತಲೇ ಹೆಸರಾದ ತಳಿ. ನಮ್ಮ ಹಳ್ಳಿಕಾರ್, ಅಮೃತಮಹಲ್ ಇದ್ದ ಹಾಗೆ.

ಫಾರಿ ಪ್ರಪಂಚದ ಅತಿ ಕೊಳಕು ಊರು ಅಂತ ಓದಿದ್ದೆ. ನಿಜಾನಾ?

ನೂರು ವರ್ಷದ ಹಿಂದೆ ಬಂದ ಬಿಳಿಯರು ಹೆಚ್ಚುಕಡಿಮೆ ಎಲ್ಲರೂ ಹೀಗೇ ಬರೆದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿಕೊಂಡು ಬಂದು ಮತ್ತೆ ಬರೆದರು. ಹಾಗಂತ ಪೂರ್ತಿ ಸುಳ್ಳೂ ಅಲ್ಲ. ಕಪ್ಪು ಹುಲ್ಲುಹೆಂಟೆಗಳನ್ನು ಕತ್ತರಿಸಿ ಪೇರಿಸಿ ಕಟ್ಟಿದ ಮನೆಗಳು. ಕಸ, ಬೂದಿ, ಸಗಣಿ ಎಲ್ಲವನ್ನೂ ಬಾಗಿಲ ಮುಂದೆ ಎಸೆಯುವುದು. ತಲೆಮಾರುಗಟ್ಟಲೆ ಹೀಗೇ ನಡೆದು ಬೀದಿಯೇ ಮೇಲೆದ್ದು, ಮನೆಯೊಳಗೆ ಹೋಗಬೇಕಾದರೆ ಕೆಳಗೆ ಇಳಿಯಬೇಕಾದ ಸ್ಥಿತಿ ಬಂದಿತ್ತು.

ಆದರೆ ಇನ್ನೊಂದು ಮಗ್ಗುಲೂ ನೋಡಬೇಕು. ವರ್ಷದ ಬಹುಪಾಲು ನೆಲ ಹೆಪ್ಪುಗಟ್ಟಿರುತ್ತದೆ, ಕಸ ಕೊಳೆಯುವುದೇ ಇಲ್ಲ. ನೀರು ಕಾಯಿಸಲು ಬೆರಣಿ ಬೇಕು, ಆ ಬೆರಣಿ ಅಡುಗೆಗೇ ಸಾಲದು. ಮೇಲಾಗಿ ದಿನಾ ನೂರಾರು ಹೇಸರಗತ್ತೆ ಬಂದು ತಂಗುವ ಊರು. ಯಾವುದೇ ಹಳೇ ಸಂತೆಮಾಳ ನೆನಪಿಸಿಕೊಳ್ಳಿ. ಗ್ಯಾಂತ್ಸೆಯನ್ನೋ ಲಾಸಾವನ್ನೋ ನೋಡುವ ಮೊದಲು ಬಿಳಿಯರಿಗೆ ಸಿಗುತ್ತಿದ್ದ ಮೊದಲ ಬಯಲುಸೀಮೆ ಊರು ಇದೇ. ಉಸಿರಾಟ ಕಷ್ಟ, ತಲೆನೋವು ಬೇರೆ. ಆ ಸಿಟ್ಟನ್ನೆಲ್ಲ ಫಾರಿಯ ಮೇಲೆ ಕಾರಿಕೊಂಡರು ಅಂತ ನನ್ನ ಗುಮಾನಿ.

ಇಂಥ ಜಾಗದಲ್ಲಿ ಊರು ಯಾಕೆ ಹುಟ್ಟಿತು?

ದಾರಿಗಳಿಂದ. ಲಾಸಾ, ಗ್ಯಾಂತ್ಸೆ ಕಡೆಯಿಂದ ಬರುವ ದಾರಿ ತಂಗ್ ಲಾ ಇಳಿದು ಇಲ್ಲಿಗೆ ಮುಟ್ಟುತ್ತದೆ. ಇಲ್ಲಿಂದ ಕವಲು. ಒಂದು ತ್ರೆಮೊ ಲಾ ದಾಟಿ ಭೂತಾನಿನ ಪಾರೊಗೆ. ಇನ್ನೊಂದು ಚುಂಬಿ ಕಣಿವೆ ಇಳಿದು, ನಾಥು ಲಾ ಇಲ್ಲವೇ ಜೆಲೆಪ್ ಲಾ ಹತ್ತಿ ಸಿಕ್ಕಿಂ, ಕಾಲಿಂಪಾಂಗ್‌ಗೆ. ಅಲ್ಲಿಂದ ಕಲ್ಕತ್ತಾ. ಅಂದರೆ ಫಾರಿ ಒಂದು ಜಂಕ್ಷನ್. ನಮ್ಮ ಅರಸೀಕೆರೆ ಇದ್ದ ಹಾಗೆ ಅಂದುಕೊಳ್ಳಿ, ರೈಲಿನ ಬದಲು ಹೇಸರಗತ್ತೆ.

ಜಂಕ್ಷನ್ ಅಂದ ಮೇಲೆ ಸುಂಕ ವಸೂಲಿ, ಸುಂಕ ಅಂದ ಮೇಲೆ ಕೋಟೆ. ಬಯಲಿನ ನಡುವಿನ ದಿಬ್ಬದ ಮೇಲೆ ಫಾರಿ ಜೊಂಗ್ ಇತ್ತು. ಕೋಟೆ ನೋಡಿಕೊಳ್ಳುವ ಅಧಿಕಾರಿಗೆ ಜೊಂಗ್‌ಪೊನ್ ಅಂತ ಹೆಸರು. ಇಲ್ಲಿ ಇಬ್ಬರಿರುತ್ತಿದ್ದರು. ಒಬ್ಬರ ಮೇಲೆ ಒಬ್ಬರು ಕಣ್ಣಿಡಲಿ ಅಂತಲೋ ಏನೋ! ಹಳೇ ಫೋಟೊಗಳಲ್ಲಿ ಕೋಟೆ ದೊಡ್ಡದಾಗಿ ಕಾಣುತ್ತದೆ. ಈಗ ಉಳಿದಿರುವುದು ಅದರ ಪಾಳು ಮಾತ್ರ.

ಈ ದಾರಿಯಲ್ಲಿ ಇಳಿಯುತ್ತಿದ್ದ ಮುಖ್ಯ ಸರಕು ಉಣ್ಣೆ. ಹತ್ತುತ್ತಿದ್ದದ್ದು ಬಟ್ಟೆ, ಸೀಮೆಎಣ್ಣೆ, ಸಕ್ಕರೆ, ಪಾತ್ರೆ. ಒಮ್ಮೆ ಕಾರುಗಳೂ ಹತ್ತಿದವು. ಹದಿಮೂರನೇ ದಲೈ ಲಾಮಾಗೆ ಕಳಿಸಿದ ಬೇಬಿ ಆಸ್ಟಿನ್ ಕಾರುಗಳನ್ನು ಬಿಚ್ಚಿ, ಬಿಡಿಭಾಗಗಳನ್ನು ಹೇರಿಸಿ ಹಿಮಾಲಯ ದಾಟಿಸಿ, ಲಾಸಾದಲ್ಲಿ ಮತ್ತೆ ಜೋಡಿಸಿದರು. ಸ್ಟೀರಿಂಗ್ ಹೊತ್ತ ಹೇಸರಗತ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ಮೊದಲು ಬಂದ ಹೊರಗಿನವರು ಯಾರು?

ಭೂತಾನಿಗರು, ಕಾಶ್ಮೀರಿ ವ್ಯಾಪಾರಿಗಳು, ನೇಪಾಳದ ನೇವಾರರು ಎಷ್ಟೋ ಕಾಲದಿಂದ ಟಿಬೆಟಿನ ದಾರಿಗಳಲ್ಲಿ ಓಡಾಡಿಕೊಂಡಿದ್ದರು. ಅವರು ಡೈರಿ ಬರೆಯಲಿಲ್ಲ ಅಷ್ಟೆ. ಡೈರಿ ಬರೆದವರಲ್ಲಿ ಮೊದಲಿಗ ಜಾರ್ಜ್ ಬೋಗ್ಲ್. 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಕಳಿಸಿದ್ದು, ತಾಶಿಲ್ಹುನ್‌ಪೊ ಮಠದ ಪಂಚೆನ್ ಲಾಮಾರನ್ನು (ಟಿಬೆಟಿನಲ್ಲಿ ದಲೈ ಲಾಮಾ ಬಿಟ್ಟರೆ ದೊಡ್ಡ ಗುರು) ಕಂಡು ವ್ಯಾಪಾರದ ಮಾತಾಡಲಿಕ್ಕೆ. ಭೂತಾನಿನಲ್ಲಿ ದಾರಿಯುದ್ದಕ್ಕೂ ಆಲೂಗೆಡ್ಡೆ ನೆಡುತ್ತಾ ಬಂದ ಪುಣ್ಯಾತ್ಮ, ಅಕ್ಟೋಬರಿನಲ್ಲಿ ಫಾರಿ ತಲುಪಿದ.

ನನಗೆ ಇಷ್ಟವಾದ ಪ್ರಸಂಗ ಆಮೇಲಿನದ್ದು. ಬಯಲಲ್ಲಿ ಮೊಲ ಕಂಡು ಬೋಗ್ಲ್ ಬೇಟೆಗೆ ಹೊರಟ. ಜೊತೆಗಿದ್ದ ಟಿಬೆಟಿನವನು ಅಡ್ಡ ಬಂದ. ದೇವಿಯ ಬೆಟ್ಟದ ಎದುರು ಜೀವ ತೆಗೆಯುವುದಾ? ವಾದ ಆಯಿತು. ಕೊನೆಗೆ ರಾಜಿ: ಚೋಮೊಲ್ಹಾರಿ ಕಣ್ಣಿಗೆ ಕಾಣುವಷ್ಟು ದೂರ ಬೇಟೆ ಇಲ್ಲ, ಮರೆಯಾದ ಮೇಲೆ ನಿನ್ನಿಷ್ಟ. ಆ ಬೆಟ್ಟ ಎಷ್ಟು ದೂರದವರೆಗೆ ಕಾಣುತ್ತದೆ ಅನ್ನುವುದು ಗೊತ್ತಿದ್ದರೆ ರಾಜಿಯಲ್ಲಿ ಗೆದ್ದದ್ದು ಯಾರು ಅಂತ ತಿಳಿಯುತ್ತದೆ.

1783ರಲ್ಲಿ ಸ್ಯಾಮ್ಯುಯೆಲ್ ಟರ್ನರ್ ಬಂದ. 1811ರಲ್ಲಿ ಥಾಮಸ್ ಮ್ಯಾನಿಂಗ್ ಎಂಬ ವಿಚಿತ್ರ ಮನುಷ್ಯ. ಚೀನೀ ಭಾಷೆ ಕಲಿತಿದ್ದ, ಉದ್ದ ಗಡ್ಡ ಬಿಟ್ಟಿದ್ದ, ಯಾವ ಸರ್ಕಾರವೂ ಕಳಿಸಿರಲಿಲ್ಲ. ಫಾರಿಯಲ್ಲಿ ಅವನನ್ನು ತಡೆದರು. ಅಲ್ಲಿಗೆ ಬಂದ ಚೀನೀ ಸೈನಿಕರಿಗೆ ಔಷಧಿ ಕೊಟ್ಟು ಗುಣ ಮಾಡಿ, ಅವರ ಬೆನ್ನು ಹಿಡಿದೇ ಮುಂದೆ ಹೋದ. ಲಾಸಾ ನೋಡಿದ ಮೊದಲ ಇಂಗ್ಲಿಷಿನವನು ಇವನೇ. ಫಾರಿಯ ಕೊಳಕು, ಹೊಗೆ ಬಗ್ಗೆ ಗೊಣಗಿದರೂ ಕುರಿ ಮಾಂಸ ಚೆನ್ನಾಗಿದೆ ಅಂತ ಬರೆದಿಟ್ಟ. ನ್ಯಾಯವಂತ.

1904ರ ಯುದ್ಧದಲ್ಲಿ ಫಾರಿಗೆ ಏನಾಯಿತು?

ಗುಂಡು ಹಾರದೆ ಕೋಟೆ ಕೈ ಬದಲಾಯಿತು. ಲಾರ್ಡ್ ಕರ್ಜನ್ ವೈಸರಾಯ್ ಆಗಿದ್ದಾಗ, ರಷ್ಯಾದವರು ಟಿಬೆಟಿಗೆ ಬಂದುಬಿಟ್ಟಾರು ಅನ್ನುವ ಅನುಮಾನದಲ್ಲಿ ಫ್ರಾನ್ಸಿಸ್ ಯಂಗ್‌ಹಸ್ಬೆಂಡ್ ಜೊತೆ ಸೈನ್ಯ ಕಳಿಸಿದರು. 1903ರ ಡಿಸೆಂಬರಿನಲ್ಲಿ ಜೆಲೆಪ್ ಲಾ ದಾಟಿ, ಅದೇ ತಿಂಗಳು ಫಾರಿ ಜೊಂಗ್ ಹಿಡಿದರು. ಆಮೇಲೆ ತಂಗ್ ಲಾ ಆಚೆಯ ತೂನಾ ಎಂಬ ಹಳ್ಳಿಯಲ್ಲಿ ಚಳಿಗಾಲ ಕಳೆದರು. 1904ರ ಮಾರ್ಚ್ 31ರಂದು ಗುರು ಎಂಬಲ್ಲಿ ಟಿಬೆಟಿನವರನ್ನು ಎದುರಾದರು.

ಅದನ್ನು ಯುದ್ಧ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬತ್ತಿ ಹಚ್ಚಿ ಹೊಡೆಯುವ ನಾಡಬಂದೂಕು, ಕತ್ತಿ ಹಿಡಿದವರ ಎದುರು ಮ್ಯಾಕ್ಸಿಂ ಮೆಷಿನ್ ಗನ್. ಕೆಲವೇ ನಿಮಿಷದಲ್ಲಿ ಆರೇಳು ನೂರು ಟಿಬೆಟಿನವರು ಸತ್ತರು. ಉಳಿದವರು ಓಡಲಿಲ್ಲ, ತಲೆ ತಗ್ಗಿಸಿ ನಡೆದುಹೋದರು. ನೋಡಿದ ಬ್ರಿಟಿಷರೇ ಇದನ್ನು ಬರೆದಿದ್ದಾರೆ.

ಸೆಪ್ಟೆಂಬರಿನಲ್ಲಿ ಲಾಸಾದಲ್ಲಿ ಒಪ್ಪಂದ ಆಯಿತು. ದಂಡ ಮೊದಲು 75 ಲಕ್ಷ ರೂಪಾಯಿ, ಆಮೇಲೆ ಅದನ್ನು 25 ಲಕ್ಷಕ್ಕೆ ಇಳಿಸಿದರು. ತೀರುವವರೆಗೆ ಚುಂಬಿ ಕಣಿವೆ ಅಡಮಾನ. ಹೀಗೆ 1908ರ ಶುರುವಿನವರೆಗೂ ಈ ಕಣಿವೆ ಬ್ರಿಟಿಷರ ಕೈಯಲ್ಲಿತ್ತು.

ಇಂಡಿಯಾದ ಅಂಚೆ ಕಚೇರಿ ಟಿಬೆಟಿನಲ್ಲಿ ಹೇಗೆ ಬಂತು?

ಆ ಸೈನ್ಯದ ಹಿಂದೆಯೇ ಬಂತು. ಸೈನ್ಯ ಹೋಯಿತು, ಅಂಚೆ, ತಂತಿ ಉಳಿದವು. ಯಾತುಂಗ್, ಫಾರಿ, ಗ್ಯಾಂತ್ಸೆ ಮೂರೂ ಕಡೆ ಇಂಡಿಯಾದ ಅಂಚೆ ಕಚೇರಿ. ಯಾತುಂಗ್ ಅಂದರೆ ಈಗಿನ ಯಾದೊಂಗ್. ಆ ಕಾಲಕ್ಕೆ ಫಾರಿಯದ್ದು ಪ್ರಪಂಚದಲ್ಲೇ ಎತ್ತರದ ಅಂಚೆ ಕಚೇರಿ ಅಂತ ಹೆಸರಾಗಿತ್ತು. ಓಟಗಾರರು, ಹೇಸರಗತ್ತೆಗಳು ಟಪಾಲು ಚೀಲ ಸಾಗಿಸುತ್ತಿದ್ದವು. ಪ್ರಯಾಣಿಕರು ತಂಗಲು ಬಂಗಲೆಯೂ ಇತ್ತು.

ಟಿಬೆಟ್ ತನ್ನದೇ ಸಿಂಹದ ಚಿತ್ರದ ಅಂಚೆಚೀಟಿ ಹೊರತಂದಿತ್ತು. ಆದರೆ ಅದು ಟಿಬೆಟಿನೊಳಗೆ ಮಾತ್ರ ನಡೆಯುತ್ತಿತ್ತು. ಲಾಸಾದಿಂದ ಕಲ್ಕತ್ತಾಗೋ ಲಂಡನ್ನಿಗೋ ಕಾಗದ ಹೋಗಬೇಕಾದರೆ ಎರಡೂ ಚೀಟಿ ಬೇಕು, ಟಿಬೆಟಿನ ಸಿಂಹವೂ ಇಂಡಿಯಾದ ದೊರೆಯೂ. ಇಬ್ಬರೂ ಒಂದೇ ಲಕೋಟೆಯ ಮೇಲೆ ಕುಳಿತಿರುವಂಥದ್ದು ಸಿಕ್ಕರೆ ಸಂಗ್ರಹಕಾರರು ಆಸ್ತಿ ಮಾರಲು ತಯಾರು. ಸುಮ್ನೆ ಆನ್‌ಲೈನಿನಲ್ಲಿ ಕೊಳ್ಳಬೇಡಿ, ಟಿಬೆಟಿನ ಚೀಟಿಗಳಲ್ಲಿ ನಕಲಿಯೇ ಜಾಸ್ತಿ.

ಎವರೆಸ್ಟ್ ಹತ್ತಲು ಹೋದವರು ಇಲ್ಲಿಗೆ ಯಾಕೆ ಬಂದರು?

ನೇಪಾಳ ಬಾಗಿಲು ಹಾಕಿತ್ತು. 1921, 1922, 1924ರ ಬ್ರಿಟಿಷ್ ತಂಡಗಳು ಡಾರ್ಜಿಲಿಂಗಿನಿಂದ ಹೊರಟು, ಸಿಕ್ಕಿಂ, ಚುಂಬಿ ಕಣಿವೆ, ಫಾರಿ, ಅಲ್ಲಿಂದ ಪಶ್ಚಿಮಕ್ಕೆ ಖಂಬಾ ಜೊಂಗ್ ಅಂತ ವಾರಗಟ್ಟಲೆ ಸುತ್ತಿ ಎವರೆಸ್ಟಿನ ಉತ್ತರ ಮಗ್ಗುಲು ಸೇರುತ್ತಿದ್ದವು. ಸಾಮಾನು ಹೊರುವ ಯಾಕ್, ಕತ್ತೆಗಳಿಗೆ ಫಾರಿಯಲ್ಲಿ ಜೊಂಗ್‌ಪೊನ್ ಜೊತೆ ಚೌಕಾಸಿ. ಮ್ಯಾಲರಿ, ಅರ್ವಿನ್ ಇಬ್ಬರೂ 1924ರಲ್ಲಿ ಇಲ್ಲಿ ಡೇರೆ ಹಾಕಿದ್ದರು. ವಾಪಸ್ ದಾರಿ ಅವರಿಬ್ಬರಿಗೆ ಇರಲಿಲ್ಲ.

ದಲೈ ಲಾಮಾಗೂ ಈ ದಾರಿಗೂ ಏನು ಸಂಬಂಧ?

ಟಿಬೆಟಿನಲ್ಲಿ ಗಡಿಬಿಡಿ ಆದಾಗೆಲ್ಲ ಫಾರಿಯ ಮೇಲೆ ಮೆರವಣಿಗೆ. 1910ರಲ್ಲಿ ಚೀನೀ ಸೈನ್ಯ ಲಾಸಾಗೆ ನುಗ್ಗಿದಾಗ ಹದಿಮೂರನೇ ದಲೈ ಲಾಮಾ ಇದೇ ದಾರಿ ಹಿಡಿದು, ಚಳಿಗಾಲದ ಹಿಮದಲ್ಲಿ ಇಂಡಿಯಾಕ್ಕೆ ಬಂದರು. ಈಗಿನವರು, ಹದಿನಾಲ್ಕನೆಯವರು, 1950ರ ಕೊನೆಗೆ ಲಾಸಾ ಬಿಟ್ಟು ಯಾತುಂಗ್ ಕಡೆಯ ದುಂಗ್ಕರ್ ಮಠದಲ್ಲಿ 1951ರ ಜುಲೈವರೆಗೆ ಇದ್ದರು. ಗಡಿ ಕೂಗಳತೆ ದೂರ. ದಾಟುವುದೋ ವಾಪಸ್ ಹೋಗುವುದೋ ಅನ್ನುವ ತೂಗುಯ್ಯಾಲೆ. ಆ ಸಲ ವಾಪಸ್ ಹೋದರು. 1956ರಲ್ಲಿ ಬುದ್ಧ ಜಯಂತಿಗೆ ಇಂಡಿಯಾಕ್ಕೆ ಬಂದದ್ದೂ ನಾಥು ಲಾ ಮೂಲಕ. ಆಗ ಚುಂಬಿವರೆಗೆ ಮೋಟಾರು ರಸ್ತೆ ಆಗಿತ್ತು. 1959ರಲ್ಲಿ ಮಾತ್ರ ಈ ದಾರಿ ಅಲ್ಲ, ತವಾಂಗ್ ಕಡೆಯದ್ದು.

ಹಾಗಿದ್ದ ಊರು ಮೂಲೆಗುಂಪಾದದ್ದು ಯಾವಾಗ?

ಇದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ, ಕೇಳಲಿ ಅಂತ ನಾನೇ ಬರೆದುಕೊಂಡ ಪ್ರಶ್ನೆ.

ಪಂಚಶೀಲ ಅಂತ ಸ್ಕೂಲಲ್ಲಿ ಓದಿದ್ದೇವಲ್ಲ? ಐದು ತತ್ವ ಬಾಯಿಪಾಠ ಮಾಡಿಸಿದರು, ಅದು ಯಾವ ಕಾಗದದಲ್ಲಿತ್ತು ಅಂತ ಹೇಳಲಿಲ್ಲ. 1954ರ ಏಪ್ರಿಲ್ 29ರ ಆ ಕಾಗದ ಟಿಬೆಟ್ ಜೊತೆಗಿನ ವ್ಯಾಪಾರದ ಒಪ್ಪಂದ. ಅದರಲ್ಲಿ ಫಾರಿಯ ಹೆಸರಿದೆ. ಯಾತುಂಗ್, ಗ್ಯಾಂತ್ಸೆ, ಫಾರಿ ಈ ಮೂರೂ ವ್ಯಾಪಾರದ ಪೇಟೆಗಳು. ಇತ್ತ ಕಾಲಿಂಪಾಂಗ್, ಸಿಲಿಗುರಿ, ಕಲ್ಕತ್ತಾ. ಅದೇ ಹೊತ್ತಿಗೆ ಇಂಡಿಯಾ ತನ್ನ ಅಂಚೆ, ತಂತಿ, ಫೋನು, ಹನ್ನೆರಡು ವಿಶ್ರಾಂತಿ ಗೃಹ ಎಲ್ಲವನ್ನೂ ಚೀನಾಕ್ಕೆ ಬಿಟ್ಟುಕೊಡಲು ಒಪ್ಪಿತು. 1955ರ ಏಪ್ರಿಲಿನಲ್ಲಿ ಕೈ ಬದಲಾಯಿತು. ನನ್ನ ಲಕೋಟೆಯಂಥವು ಅಲ್ಲಿಗೆ ನಿಂತವು.

ಒಪ್ಪಂದದ ಅವಧಿ ಎಂಟು ವರ್ಷ. 1962ರ ಜೂನಿನಲ್ಲಿ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಅದೇ ವರ್ಷ ಯುದ್ಧ. ನಾಥು ಲಾ, ಜೆಲೆಪ್ ಲಾ ಎರಡೂ ಬಂದ್. ಭೂತಾನ್ ಕೂಡ ಟಿಬೆಟ್ ಕಡೆಯ ವ್ಯಾಪಾರ ನಿಲ್ಲಿಸಿತು. ಮೂರು ದಾರಿ ಕೂಡುವ ಊರಿಗೆ ಎರಡು ದಾರಿ ಮುಚ್ಚಿದರೆ ಉಳಿಯುವುದೇನು? ಕಾಲಿಂಪಾಂಗಿನ ಉಣ್ಣೆ ಗೋದಾಮುಗಳು ಖಾಲಿಯಾದವು, ಇತ್ತ ಫಾರಿ ರಸ್ತೆಯ ಕೊನೆಯಾಯಿತು. ದೂರದ ಊರು, ಮೂಲೆಯ ಊರು ಅಂತ ನಾವೀಗ ಕರೆಯುತ್ತೇವೆ. ಊರು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ.

ಈಗ ನಾಥು ಲಾ ತೆರೆದಿದೆಯಲ್ಲ?

2006ರ ಜುಲೈ 6ರಂದು ವ್ಯಾಪಾರಕ್ಕೆ ತೆರೆದರು. ಆದರೆ ಟಿಬೆಟ್ ಕಡೆಯ ಸಂತೆ ಚುಂಬಿ ಕಣಿವೆಯ ರಿಂಚೆನ್‌ಗಾಂಗಿನಲ್ಲಿ, ನಮ್ಮ ಕಡೆಯದ್ದು ಶೆರಥಾಂಗಿನಲ್ಲಿ. ಅದನ್ನು ದಾಟಿ ಮುಂದೆ ಹೋಗುವ ಹಾಗಿರಲಿಲ್ಲ. 2020ರಲ್ಲಿ ಆ ವ್ಯಾಪಾರವೂ ನಿಂತಿತು. ಹಾಗಾಗಿ ಫಾರಿಗೆ ಹಳೇ ಭಾಗ್ಯ ಮರಳಲಿಲ್ಲ. ಈಗ ಅಲ್ಲಿ ಯಾಕ್ ಸಾಕಣೆ, ಬೇಸಿಗೆಯಲ್ಲಿ ಹುಳಹುಲ್ಲು ಹುಡುಕುವ ಕೆಲಸ. ಹುಳಹುಲ್ಲು ಅಂದರೆ ಯಾರ್ಸಾ ಗುಂಬು, ನೆಲದೊಳಗಿನ ಹುಳದ ಮೈಯಿಂದ ಎದ್ದು ಬರುವ ಅಣಬೆ. ಚೀನೀ ಔಷಧಿಯಲ್ಲಿ ಅದಕ್ಕೆ ಭಾರೀ ಬೆಲೆ.

2017ರ ದೋಕ್ಲಾಂ ಜಗಳ ಇಲ್ಲೇ ಆದದ್ದಾ?

ಅಲ್ಲ. ಅದು ಕಣಿವೆಯ ದಕ್ಷಿಣ ತುದಿಯ ಕಡೆ. ಫಾರಿ ಉತ್ತರದಲ್ಲಿದೆ. ಆದರೆ ಇಂಡಿಯಾ, ಚೀನಾ ಎರಡೂ ಕಡೆಯ ಸೈನ್ಯ 73 ದಿನ ಎದುರಾಬದುರು ನಿಂತಿದ್ದ ಆ ಸಮಯದಲ್ಲಿ ನಾಥು ಲಾ ಮೂಲಕದ ಕೈಲಾಸ ಯಾತ್ರೆ ರದ್ದಾಯಿತು.

ನಾವು ಫಾರಿ ನೋಡಬಹುದಾ?

ಬಸ್ಸಿನ ಕಿಟಕಿಯಿಂದ, ಹೌದು. ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆಯ ನಾಥು ಲಾ ದಾರಿ 2015ರಲ್ಲಿ ಶುರುವಾಯಿತು. ಕೋವಿಡ್ ಕಾಲದಲ್ಲಿ ನಿಂತು, 2025ರಲ್ಲಿ ಮತ್ತೆ ಆರಂಭವಾಯಿತು. ಆ ವರ್ಷ ಈ ದಾರಿಗೆ ತಲಾ 50 ಜನರ 10 ತಂಡ. ಯಾತ್ರೆ ಮುಗಿಸಿದ ಕನ್ನಡಿಗರಿಗೆ ರಾಜ್ಯ ಸರ್ಕಾರದ ಸಹಾಯಧನವೂ ಉಂಟು, ಮುಜರಾಯಿ ಇಲಾಖೆಯಲ್ಲಿ ವಿಚಾರಿಸಿ.

ಇಳಿದು ಸುತ್ತಾಡುವ ಆಸೆ ಬೇಡ. ಇದು ಗಡಿ ಪ್ರದೇಶ, ಬೇರೆ ಬೇರೆ ಪರವಾನಗಿ ಬೇಕು, ಹೊರದೇಶದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಯಾದೊಂಗಿನಿಂದ ಹೊರಟು ಸುಮಾರು 45 ಕಿಲೋಮೀಟರ್ ಆಗುವಾಗ ಮೊಬೈಲ್ ಕೆಳಗಿಟ್ಟು ಬಲಗಡೆ ಕಿಟಕಿ ನೋಡಿ. ಮೋಡ ಇಲ್ಲದಿದ್ದರೆ ಬೆಟ್ಟ ತಪ್ಪುವುದೇ ಇಲ್ಲ. ಸಿಕ್ಕಿಂನಲ್ಲಿ ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳಲು ನಿಲ್ಲಿಸುತ್ತಾರಲ್ಲ, ಆ ದಿನಗಳನ್ನು ಬೇಜಾರು ಅಂತ ಹಾಳು ಮಾಡಿಕೊಳ್ಳಬೇಡಿ. ನೀರು ಕುಡಿಯಿರಿ, ನಿಧಾನ ನಡೆಯಿರಿ.

ಯಾತ್ರೆಗೆ ಹೋಗಲು ಆಗದವರು?

ಮೈಸೂರು ಮಡಿಕೇರಿ ದಾರಿಯ ಬೈಲಕುಪ್ಪೆಗೆ ಹೋಗಿ. ಎಲ್ಲರೂ ಚಿನ್ನದ ಬುದ್ಧನ ದೇವಸ್ಥಾನ ನೋಡಿ, ಮೊಮೊ ತಿಂದು ವಾಪಸ್ ಬರುತ್ತಾರೆ. ಸ್ವಲ್ಪ ಮುಂದೆ ತಾಶಿಲ್ಹುನ್‌ಪೊ ಮಠ ಇದೆ. 1774ರಲ್ಲಿ ಬೋಗ್ಲ್ ಫಾರಿ ದಾಟಿ ಹೋಗುತ್ತಿದ್ದದ್ದು ಈ ಹೆಸರಿನ ಮೂಲ ಮಠಕ್ಕೆ. ಅದು ಇಂದೂ ಶಿಗಾತ್ಸೆಯಲ್ಲಿದೆ. ಅಲ್ಲಿಂದ ಬಂದವರು 1972ರಲ್ಲಿ ಇಲ್ಲಿ ಮತ್ತೆ ಕಟ್ಟಿಕೊಂಡರು. ಅಂಗಡಿಗಳಲ್ಲಿ ತ್ಸಂಪಾ ಕೇಳಿ. ಮನೆಗೆ ತಂದು ಬೆಲ್ಲ ಹಾಕಿ ಕಲಸಿದರೂ ಯಾರೂ ಬೈಯುವುದಿಲ್ಲ.

ಆ ಲಕೋಟೆಯೊಳಗೆ ಏನಿತ್ತು?

ಎಲ್ಲರ ಕೊನೇ ಪ್ರಶ್ನೆ ಇದೇ. ಏನೂ ಇರಲಿಲ್ಲ, ನನ್ನ ಕೈಗೆ ಬಂದಾಗ ಖಾಲಿ. ವಿಳಾಸ ಕಾಲಿಂಪಾಂಗಿನ ಒಂದು ಅಂಗಡಿಗೆ. ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಕೂಡಿಸಿದ ಲೆಕ್ಕ ಇದೆ, ಮೂರು ಸಾಲು, ಕೆಳಗೆ ಒಂದು ಗೆರೆ. ಮೊತ್ತ ಬರೆದಿಲ್ಲ.